ಲೈನ್ ಮೇಲೆ ಮರ ಬಿದ್ದಿದೆ ಅಂದ್ರೆ ಯಾವ ಲೈನ್?

ರೋಬಸ್ಟಾ ಗೌಡ, ಮೂಡಿಗೆರೆ ಕಡೆ
ಗುರುವಾರ ರಾತ್ರಿ 8:40

ಮಂಗಳವಾರ ಪುಷ್ಯ ಮಳೆ ಜೋರು ಹಿಡಿದಿತ್ತು. ಸಂಜೆ ಐದೂವರೆಗೆ ಕರೆಂಟ್ ಹೋಯಿತು. ಕೊಡೆ ಹಿಡಿದು ತೋಟದ ಕೆಳಗಡೆ ಹೋಗಿ ನೋಡಿದರೆ ಒಂದು ಸಿಲ್ವರ್ ಮರ ಬುಡ ಸಮೇತ ಮಗುಚಿ ತಂತಿ ಮೇಲೆ ಒರಗಿತ್ತು. ಲೈನ್‌ಮ್ಯಾನ್‌ಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಮನೆಗೆ ಬಂದವನೇ ಅಕ್ಕನ ಮಗನನ್ನು ಕರೆದು, ‘ಗೋಡೌನ್ ಹತ್ರ ರೈಟರ್ ಇದಾನೆ, ಓಡಿಹೋಗಿ ಹೇಳು, ಲೈನ್ ಮೇಲೆ ಮರ ಬಿದ್ದಿದೆ, ಗರಗಸ ತಗೊಂಡು ನಾಲ್ಕು ಜನ ರೆಡಿ ಇರ್ಲಿ’ ಅಂದೆ. ಬೆಂಗಳೂರಿನಲ್ಲಿ ಓದುವ ಹುಡುಗ. ನಾನು ಹೇಳಿದ್ದನ್ನು ಹಾಗೇ ಒಪ್ಪಿಸಿದ. ಅರ್ಧ ಮಾತ್ರ. ‘ಅಣ್ಣ, ಲೈನ್ ಮೇಲೆ ಮರ ಬಿದ್ದಿದೆಯಂತೆ!’

ರೈಟರ್ ಓಡಿದ್ದು ಎಲ್ಲಿಗೆ ಗೊತ್ತಾ? ಲೈನಿಗೆ. ಅಂದ್ರೆ ಕೆಲಸದವರ ಮನೆಗಳಿಗೆ. ಎಂಟು ಮನೆ, ನಡುವೆ ಒಂದೊಂದೇ ಗೋಡೆ, ಮೇಲೆ ಒಂದೇ ಮಾಡು. ಅವನ ಹಿಂದೆ ಹನ್ನೆರಡು ಜನ ಕತ್ತಿ, ಹಾರೆ ಹಿಡಿದು ಓಡಿದ್ದಾರೆ. ಒಬ್ಬ ಚರಂಡಿಗೆ ಬಿದ್ದು ಮಂಡಿ ಕೆತ್ತಿಸಿಕೊಂಡ. ಅಲ್ಲಿ ನೋಡಿದರೆ ಹೆಂಗಸರು ಒಲೆ ಮುಂದೆ ಕೂತು ಒಣಮೀನು ಸುಡುತ್ತಿದ್ದರಂತೆ. ಇವರು ಗಾಬರಿಯಲ್ಲಿ ನುಗ್ಗಿದ್ದು ನೋಡಿ ಅವರೂ ಕಿರುಚಿಕೊಂಡರು.

ಆಮೇಲೆ ರೈಟರ್ ನನ್ನ ಹತ್ತಿರ ಬಂದ. ತೊಪ್ಪೆಯಾಗಿ ನೆನೆದಿದ್ದ. ‘ಗೌಡ್ರೇ, ಲೈನ್ ಅಂದ್ರೆ ಯಾವ ಲೈನ್ ಅಂತ ಹೇಳಿ ಕಳಿಸ್ಬಾರ್ದಾ? ಅಲ್ಲಿ ಮಕ್ಕಳೇ ಒಂಬತ್ತು ಜನ ಇದಾವೆ’ ಅಂದ. ನನಗೆ ಮಾತೇ ಹೊರಡಲಿಲ್ಲ. ಹುಡುಗ ಒಳಗಡೆ ನಗುತ್ತಿದ್ದ. ಬೈದು ಸುಮ್ಮನಾಗಿಸಿದೆ.

(ಹೊರಗಿನವರಿಗೆ: ತೋಟದಲ್ಲಿ ರೈಟರ್ ಅಂದ್ರೆ ಹಾಜರಿ ಬರೆಯುವವನು, ಕಥೆ ಬರೆಯುವವನಲ್ಲ. ಅದು ಇನ್ನೊಂದು ದಿನದ ಮಾತು.)

ಕರೆಂಟ್ ಇನ್ನೂ ಇಲ್ಲ. ಮೇಣದಬತ್ತಿ ಹಚ್ಚಿಕೊಂಡು ಸುಮ್ನೆ ಲೆಕ್ಕ ಹಾಕಿದೆ. ನಾವು ದಿನಾ ಎಷ್ಟು ಥರದ ಲೈನ್ ಅನ್ನುತ್ತೇವೆ? ಕರೆಂಟ್ ಲೈನ್, ಆಳುಗಳ ಲೈನ್, ಫೋನ್ ಲೈನ್, ರೈಲ್ವೆ ಲೈನ್, ರೇಷನ್ ಅಂಗಡಿ ಮುಂದಿನ ಲೈನ್, ಕಾಲೇಜು ಹುಡುಗರು ಹೊಡೆಯುವ ಲೈನ್. ಆರಕ್ಕೆ ನಿಂತೆ. ನಿಮ್ಮ ಕಡೆ ಇನ್ನೂ ಇದ್ದರೆ ಹಾಕಿ.

ಬೇಲೂರು ರೂಟ್
ಗುರುವಾರ ರಾತ್ರಿ 8:52

ನನ್ನ ಹೊಟ್ಟೆಪಾಡೇ ಲೈನ್ ಗೌಡ್ರೇ. ಬಿಸ್ಕತ್ತು, ಸೋಪು ಅಂಗಡಿಗಳಿಗೆ ಹಾಕೋದು. ಸೋಮವಾರ ಬೇಲೂರು ಲೈನ್, ಮಂಗಳವಾರ ಹಳೇಬೀಡು ಲೈನ್, ಬುಧವಾರ ಆಲೂರು ಲೈನ್. ‘ಇವತ್ತು ಲೈನಿಗೆ ಹೋಗಿಲ್ವಾ?’ ಅಂತ ಹೆಂಡತಿ ಕೇಳಿದರೆ ರಜಾ ಹಾಕಿದ್ದೀಯಾ ಅಂತ ಅರ್ಥ. ನಿಮ್ಮ ರೈಟರ್ ಕೇಳಿಸಿಕೊಂಡರೆ ನಾನು ಯಾವುದೋ ತೋಟದಲ್ಲಿ ಇರೋನು ಅಂದುಕೊಂಡಾನು.

ಮತ್ತೆ ಲೈನ್ ಬಸ್ ಬಿಟ್ಟಿದ್ದೀರಿ. ಮದುವೆಗೆ ಮಾಡುವುದು ಬಾಡಿಗೆ ಬಸ್. ದಿನಾ ಒಂದೇ ದಾರಿಯಲ್ಲಿ ಟೈಮಿಗೆ ಓಡುವುದು ಲೈನ್ ಬಸ್.

ಹಾಸನದ ಮೇಷ್ಟ್ರು
ಗುರುವಾರ ರಾತ್ರಿ 9:30

ಗೌಡ್ರೇ, ಒಳ್ಳೇ ಪದ ಎತ್ತಿದ್ದೀರಿ. ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವನು ನಾನು. ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

ಲೈನ್ ಪದದ ಬೇರು ಲ್ಯಾಟಿನ್ನಿನ ಲೀನಂ. ಹಾಗಂದ್ರೆ ಅಗಸೆ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಬೀಜದ ಗಿಡ. ಅದರ ನಾರಿನಿಂದ ದಾರ ಹೊಸೆಯುತ್ತಿದ್ದರು. ಆ ದಾರ ಲೀನಿಯ. ಹಳೇ ಇಂಗ್ಲಿಷಿನಲ್ಲಿ ಲೈನ್ ಅಂದ್ರೆ ಮೊದಲು ಹಗ್ಗ, ಹುರಿ. ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದರೆ ನೆಟ್ಟಗೆ ಒಂದು ಗೆರೆ ಮೂಡುತ್ತೆ. ಗೆರೆ ಹಿಡಿದು ಜನರನ್ನು ನಿಲ್ಲಿಸಿದರೆ ಸಾಲು. ಸಾಲಾಗಿ ಮನೆ ಕಟ್ಟಿದರೆ ನಿಮ್ಮ ಲೈನ್. ಒಂದರ ಹೆಗಲ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ಬಂದ ಅರ್ಥಗಳು ಇವು. ಲಿನನ್ ಬಟ್ಟೆ ಇದೇ ಮನೆತನ. ಲಿನ್‌ಸೀಡ್ ಎಣ್ಣೆ ಇದೇ ಮನೆತನ.

ಮನೆಗಳಿಗೆ ಲೈನ್ ಅನ್ನುವುದು ಸೈನ್ಯದ ಕಡೆಯಿಂದ ಬಂದ ಬಳಕೆ. ಗುಡಾರ, ಗುಡಿಸಲುಗಳನ್ನು ಸಾಲಾಗಿ ಹಾಕಿದ ಜಾಗಕ್ಕೆ ಲೈನ್ಸ್ ಅನ್ನುತ್ತಿದ್ದರು. ಉತ್ತರದ ಊರುಗಳಲ್ಲಿ ಸಿವಿಲ್ ಲೈನ್ಸ್, ಪೊಲೀಸ್ ಲೈನ್ ಅಂತ ಬಡಾವಣೆಗಳು ಇವತ್ತಿಗೂ ಇವೆ. ಶ್ರೀಲಂಕಾದ ಟೀ ತೋಟಗಳಲ್ಲೂ ಕೆಲಸದವರ ಮನೆಗೆ ಲೈನ್ ರೂಮ್ ಅನ್ನುತ್ತಾರೆ. ಬ್ರಿಟಿಷ್ ಪ್ಲಾಂಟರುಗಳು ಹೋದ ಕಡೆಯೆಲ್ಲ ಪದವನ್ನೂ ಹೊತ್ತುಕೊಂಡು ಹೋದರು.

ಇಂಗ್ಲಿಷಿನಲ್ಲಿ ಲೈನ್ ಒಂದೇ ಹೀಗಲ್ಲ. ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಸೆಟ್ ಅನ್ನುವ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದರು. ಆಮೇಲೆ ರನ್ ಅದನ್ನು ಹಿಂದೆ ಹಾಕಿತು. ಹೊಸ ಆವೃತ್ತಿಯ ಲೆಕ್ಕದಲ್ಲಿ ರನ್ ಕ್ರಿಯಾಪದಕ್ಕೇ 645 ಅರ್ಥ. ಗಮನಿಸಿ, ಎರಡೂ ಚಿಕ್ಕ ಪದ, ಹಳೇ ಪದ, ಬಾಯಲ್ಲಿ ದಿನಾ ಓಡಾಡುವ ಪದ. ಅಂಥವಕ್ಕೇ ಅರ್ಥ ಜಾಸ್ತಿ. ಆಕ್ಸಿಜನ್‌ಗೆ ಒಂದೇ ಅರ್ಥ, ಪಾಪ.

ಸೆಟ್ ದೋಸೆ
ಗುರುವಾರ ರಾತ್ರಿ 9:41

431ನೇದು ನಾನು ಮೇಷ್ಟ್ರೇ.

ರೋಬಸ್ಟಾ ಗೌಡ, ಮೂಡಿಗೆರೆ ಕಡೆ
ಗುರುವಾರ ರಾತ್ರಿ 9:55

ಮೇಷ್ಟ್ರೇ, ಹಗ್ಗದ ಮಾತು ಓದಿ ಮೈ ಜುಮ್ಮೆಂದಿತು. ಯಾಕೆ ಹೇಳಲಾ? ಹೊಸ ತೋಟ ಹಾಕುವಾಗ ಗುಂಡಿ ತೆಗೆಯುವ ಮುಂಚೆ ನಾವು ಮಾಡುವ ಕೆಲಸಕ್ಕೆ ಲೈನಿಂಗ್ ಅನ್ನುತ್ತೇವೆ. ಉದ್ದನೆ ಹಗ್ಗಕ್ಕೆ ಹತ್ತು ಹತ್ತು ಅಡಿಗೆ ಗುರುತು ಕಟ್ಟುತ್ತೇವೆ. ಈ ತುದಿಯಲ್ಲಿ ಒಬ್ಬ, ಆ ತುದಿಯಲ್ಲಿ ಒಬ್ಬ ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ಗುರುತು ಇದ್ದಲ್ಲಿ ಗೂಟ ಹೊಡೆಯುತ್ತಾ ಹೋಗುವುದು. ರೋಬಸ್ಟಾ ಕಾಫಿಗೆ ಹತ್ತಡಿ ಹತ್ತಡಿ ಅಂದ್ರೆ ಎಕರೆಗೆ 435 ಗಿಡ. ಅರೇಬಿಕಾಕ್ಕೆ ಆರಡಿ ಆರಡಿ ಇಟ್ಟರೆ 1,210. ಹಗ್ಗ ಒಂದು ಗೇಣು ಸೊಟ್ಟ ಹೋದರೆ ಮುಂದೆ ಕಳೆ ಹೊಡೆಯುವಾಗ, ಗೊಬ್ಬರ ಹಾಕುವಾಗ ನಲವತ್ತು ವರ್ಷ ಬೈದುಕೊಳ್ಳಬೇಕು. ನಮ್ಮಪ್ಪ ಎಳೆಸಿದ ಒಂದು ಸೊಟ್ಟ ಸಾಲು ಇನ್ನೂ ಇದೆ. ಅದಕ್ಕೆ ‘ಅಪ್ಪನ ಲೈನ್’ ಅಂತಲೇ ಹೆಸರು.

ಅಂದ್ರೆ ಹಗ್ಗ ಹಿಡಿದ ನಮ್ಮ ಆಳು ಆ ಪದದ ಹುಟ್ಟು ಅರ್ಥವನ್ನೇ ಕೈಯಲ್ಲಿ ಹಿಡಿದಿದ್ದಾನೆ ಅನ್ನಿ.

ಹೊಲಿಗೆ ಕಮಲಕ್ಕ
ಗುರುವಾರ ರಾತ್ರಿ 10:05

ನಿಮ್ಮದು ಗುಂಡಿ ಲೈನಿಂಗ್, ನಮ್ಮದು ರವಿಕೆ ಲೈನಿಂಗ್. ತೆಳು ಬಟ್ಟೆಗೆ ಒಳಗಡೆ ಕೊಡುವ ಹತ್ತಿ ಬಟ್ಟೆ. ಮೇಷ್ಟ್ರೇ, ಇದಕ್ಕೂ ಅದಕ್ಕೂ ಸಂಬಂಧ ಇದೆಯಾ, ಅಥವಾ ಸುಮ್ನೆ ಹೆಸರು ಒಂದೇನಾ?

ಹಾಸನದ ಮೇಷ್ಟ್ರು
ಗುರುವಾರ ರಾತ್ರಿ 10:12

ಇದೆ ಕಮಲಕ್ಕ. ಹಿಂದೆ ಉಡುಪಿನ ಒಳಗಡೆ ಲಿನನ್ ಬಟ್ಟೆ ಕೊಡುತ್ತಿದ್ದರು, ಅದರಿಂದ ಲೈನಿಂಗ್. ಗೌಡರದ್ದು ಹಗ್ಗದ ಕಡೆಯಿಂದ, ನಿಮ್ಮದು ಬಟ್ಟೆ ಕಡೆಯಿಂದ. ಹಿಂದಕ್ಕೆ ಹೋದರೆ ಎರಡೂ ಒಂದೇ ಅಗಸೆ ಹೊಲ.

ಅಂದಹಾಗೆ ನಮ್ಮ ಅಗಸೆಯೇನು ಕಮ್ಮಿಯಾ? ಎಣ್ಣೆಬೀಜವೂ ಅಗಸೆ. ಸೊಪ್ಪಿಗೆ, ಹೂವಿಗೆ ಬೆಳೆಸುವ ಬಿಳಿ ಹೂವಿನ ಮರವೂ ಅಗಸೆ. ಉತ್ತರ ಕರ್ನಾಟಕದಲ್ಲಿ ಊರ ಹೆಬ್ಬಾಗಿಲೂ ಅಗಸೆ.

ಸಿಗ್ನಲ್ ಮಾಮ, ಸಕಲೇಶಪುರ
ಶುಕ್ರವಾರ ಬೆಳಿಗ್ಗೆ 6:20

ರೈಲ್ವೆಯಿಂದ ರಿಟೈರ್ ಆದವನು. ಬೆಳಿಗ್ಗೆ ಕಾಫಿ ಜೊತೆ ಓದಿದೆ. ರೈಲ್ವೆ ಲೈನ್ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿರಲ್ಲ ಗೌಡ್ರೇ!

ನಮ್ಮಲ್ಲಿ ಹಳಿಯೂ ಲೈನ್, ದಾರಿಯೂ ಲೈನ್. ‘ಮೂರನೇ ಲೈನಿಗೆ ಗಾಡಿ ತಗೋ’ ಅಂದ್ರೆ ಸ್ಟೇಷನ್ ಒಳಗಿನ ಹಳಿ. ‘ಮಂಗಳೂರು ಲೈನ್’ ಅಂದ್ರೆ ಹಾಸನದಿಂದ ಘಟ್ಟ ಇಳಿದು ಹೋಗುವ ಇಡೀ ದಾರಿ. ಆ ದಾರಿ 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ಬ್ರಾಡ್‌ಗೇಜ್ ಮಾಡಲು ಮುಚ್ಚಿ, ಮತ್ತೆ ಪ್ಯಾಸೆಂಜರ್ ಗಾಡಿ ಬಿಡುವಷ್ಟರಲ್ಲಿ 2007 ಆಯಿತು. ಚಿಕ್ಕಮಗಳೂರಿನವರಿಗಂತೂ ಕಡೂರಿನಿಂದ ಲೈನ್ ಬಂದಿದ್ದೇ 2013ರಲ್ಲಿ.

ಆದರೆ ನಮ್ಮ ದೊಡ್ಡ ಪದ ಬೇರೆ. ಲೈನ್ ಕ್ಲಿಯರ್. ಒಂದೇ ಹಳಿಯ ದಾರಿಯಲ್ಲಿ ನಾನು ಗಾಡಿ ಬಿಡಬೇಕಾದರೆ ಮುಂದಿನ ಸ್ಟೇಷನ್ನಿನವರನ್ನು ಕೇಳಬೇಕು. ಅವರು ಲೈನ್ ಕ್ಲಿಯರ್ ಕೊಟ್ಟರೆ ನಡುವೆ ಬೇರೆ ಗಾಡಿ ಇಲ್ಲ ಅಂತ. ಆಗ ಒಂದು ಕಬ್ಬಿಣದ ಗುಂಡು ಈಚೆ ಬರುತ್ತಿತ್ತು. ಅದನ್ನು ಚೀಲಕ್ಕೆ ಹಾಕಿ, ದೊಡ್ಡ ಬಳೆಯಂಥ ರಿಂಗಿಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದೆವು. ಆ ಗುಂಡು ಇಲ್ಲದೆ ಗಾಡಿ ಒಂದಿಂಚು ಮುಂದೆ ಹೋಗುವ ಹಾಗಿರಲಿಲ್ಲ. ಲೈನ್ ಕ್ಲಿಯರ್ ಆಯಿತು ಅಂದ್ರೆ ಗಾಡಿ ಬರುತ್ತೆ, ಹಳಿಯಿಂದ ದೂರ ಇರಿ ಅಂತ ಅರ್ಥ.

ಕಂಬ ಹತ್ತೋನು
ಶುಕ್ರವಾರ ಬೆಳಿಗ್ಗೆ 7:15

ಮಾಮ, ನಿಮ್ಮ ಮಾತು ಕೇಳಿ ನಮ್ಮ ಹುಡುಗರು ಹೆದರಿಕೊಂಡಾರು! ನಮ್ಮಲ್ಲಿ ಲೈನ್ ಕ್ಲಿಯರ್ ಅಂದ್ರೆ ಪೂರ್ತಿ ಉಲ್ಟಾ. ಕರೆಂಟ್ ಬರಲ್ಲ, ಕಂಬ ಹತ್ತು ಅಂತ.

ನಾವು ಎಲ್‌ಸಿ ಅನ್ನುತ್ತೇವೆ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಯಾವ ಫೀಡರು (ಸಬ್‌ಸ್ಟೇಷನ್ನಿಂದ ಹೊರಡುವ ಲೈನು), ಎಲ್ಲಿಂದ ಎಲ್ಲಿಗೆ, ಯಾರ ಹೆಸರಲ್ಲಿ ಅಂತ ಹೇಳಿ ಎಲ್‌ಸಿ ತಗೊಳ್ಳಬೇಕು. ಅವರು ಆಫ್ ಮಾಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಇಲ್ಲಿ ನಾವು ಸ್ವಿಚ್ ಎಳೆದು, ಟೆಸ್ಟ್ ಮಾಡಿ, ತಂತಿಯನ್ನು ನೆಲಕ್ಕೆ ಸೇರಿಸುವ ಅರ್ಥಿಂಗ್ ರಾಡ್ ಹಾಕಿ ಆಮೇಲೆ ಕೈ ಇಡುವುದು. ಕೆಲಸ ಮುಗಿದ ಮೇಲೆ ಎಲ್‌ಸಿ ವಾಪಸ್. ಯಾರು ತಗೊಂಡನೋ ಅವನೇ ವಾಪಸ್ ಕೊಡಬೇಕು.

ತೋಟದವರು ಒಂದು ವಿಷಯ ಕೇಳಿಸಿಕೊಳ್ಳಿ. ನಾವು ಎಲ್‌ಸಿ ತಗೊಂಡು ಹತ್ತಿರುತ್ತೇವೆ. ನೀವು ಮನೆಯಲ್ಲಿ ಜನರೇಟರ್ ಸ್ಟಾರ್ಟ್ ಮಾಡುತ್ತೀರಿ. ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಲೈನಿಂದ ಬಿಡಿಸಿ ಜನರೇಟರಿಗೆ ಹಾಕುವುದು) ಇಲ್ಲದಿದ್ದರೆ ಆ ಕರೆಂಟ್ ಉಲ್ಟಾ ನಮ್ಮ ಲೈನಿಗೇ ಬರುತ್ತೆ. ಟ್ರಾನ್ಸ್‌ಫಾರ್ಮರ್ ದಾಟಿದರೆ ಅದು 11 ಸಾವಿರ ವೋಲ್ಟ್ ಆಗಿ ನಿಂತಿರುತ್ತೆ. ಸಬ್‌ಸ್ಟೇಷನ್ ಲೆಕ್ಕದಲ್ಲಿ ಲೈನ್ ಕ್ಲಿಯರ್, ನಮ್ಮ ಲೆಕ್ಕದಲ್ಲಿ ಕಥೆ ಕ್ಲಿಯರ್. ದಯವಿಟ್ಟು ಸ್ವಿಚ್ ಹಾಕಿಸಿ.

ಇನ್ನೊಂದು, ನಮ್ಮ ಹುದ್ದೆಯ ಹೆಸರು ಈಗ ಪವರ್‌ಮ್ಯಾನ್ ಅಂತ ಬದಲಾಗಿದೆ. ಊರಲ್ಲಿ ಯಾರೂ ಹಾಗೆ ಕರೆಯಲ್ಲ. ಲೈನ್‌ಮ್ಯಾನೇ ಗಟ್ಟಿ.

ಮೇಷ್ಟ್ರಿಗೆ ಅರ್ಥ ಮುಖ್ಯ, ನಮಗೆ ಅರ್ಥಿಂಗ್ ಮುಖ್ಯ.

ಫೈನಲ್ ಇಯರ್
ಶುಕ್ರವಾರ ಬೆಳಿಗ್ಗೆ 9:03

ನಮ್ಮ ಹಾಸ್ಟೆಲ್ಲಿನಲ್ಲಿ ಲೈನ್ ಕ್ಲಿಯರ್ ಅಂದ್ರೆ ಅವಳಿಗೆ ಬೇರೆ ಯಾರೂ ಇಲ್ಲ ಅಂತ. ಗಾಡಿ ಬಿಡಬಹುದು, ಕಂಬಾನೂ ಹತ್ತಬಹುದು.

ಸಿಗ್ನಲ್ ಮಾಮ, ಸಕಲೇಶಪುರ
ಶುಕ್ರವಾರ ಬೆಳಿಗ್ಗೆ 9:20

ಮೊದಲು ಆ ಕಡೆ ಸ್ಟೇಷನ್ನಿನವರನ್ನು ಕೇಳು ಮಗಾ. ಗುಂಡು ಕೈಗೆ ಬಂದ ಮೇಲೆ ಹೊರಡು.

ಹಾಸನದ ಮೇಷ್ಟ್ರು
ಶುಕ್ರವಾರ ಬೆಳಿಗ್ಗೆ 10:10

ನಕ್ಕು ನಕ್ಕು ಸಾಕಾಯಿತು. ಆದರೆ ನೋಡಿ, ಮೂವರೂ ಹೇಳಿದ್ದು ಒಂದೇ. ಲೈನಿನ ಮೇಲೆ ಸದ್ಯಕ್ಕೆ ಏನೂ ಇಲ್ಲ. ಏನೂ ಇಲ್ಲ ಅಂತ ಗೊತ್ತಾದ ಮೇಲೆ ಏನು ಮಾಡಬೇಕು ಅನ್ನುವುದು ಅವರವರ ಕೆಲಸಕ್ಕೆ ಬಿಟ್ಟಿದ್ದು. ರೈಲ್ವೆಯವರಿಗೆ ಬಿಡುವುದು ಕೆಲಸ, ಕರೆಂಟಿನವರಿಗೆ ತಡೆಯುವುದು ಕೆಲಸ. ಅದರಿಂದ ಕೇಳುವವನಿಗೆ ಉಲ್ಟಾ ಕಾಣುತ್ತೆ.

ಹುಡುಗ ಹೇಳಿದ ಲೈನ್ ಇದೆಯಲ್ಲ, ಅದನ್ನು ಹೊಡೆಯುವುದು ಮಾತ್ರ ನಮ್ಮ ದೇಶದ್ದು. ಇಂಗ್ಲಿಷಿನವರ ಹತ್ತಿರ ಹೋಗಿ ‘ಅವನು ಅವಳಿಗೆ ಲೈನ್ ಹೊಡೆಯುತ್ತಾನೆ’ ಅಂತ ಪದಕ್ಕೆ ಪದ ಹಾಕಿ ಹೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ಹಿಂದಿಯಲ್ಲೂ ಲೈನ್ ಮಾರ್ನಾ ಅನ್ನುತ್ತಾರೆ. ಪದ ಅವರದು, ಪೆಟ್ಟು ನಮ್ಮದು. ಹೊಡೆ ಅನ್ನುವ ಮಾತಿಗೆ ನಾವು ಏನೆಲ್ಲ ಅಂಟಿಸುತ್ತೇವೆ ನೋಡಿ. ಬಣ್ಣ ಹೊಡೆ, ಗೊರಕೆ ಹೊಡೆ, ಹರಟೆ ಹೊಡೆ, ಔಷಧಿ ಹೊಡೆ, ವಾಸನೆ ಹೊಡೆ.

ಗೌಡರ ಮನೆಯಲ್ಲಿ ಆಗಿದ್ದಕ್ಕೂ ಕಾರಣ ಇಲ್ಲೇ ಇದೆ. ನಾವು ಅರ್ಥ ಹಿಡಿಯುವುದು ಬರೀ ಲೈನ್ ಅನ್ನುವ ಪದದಿಂದ ಅಲ್ಲ, ಅದರ ಪಕ್ಕದ ಮಾತಿನಿಂದ. ಲೈನ್ ಸಿಗಲಿಲ್ಲ ಅಂದ್ರೆ ಫೋನು. ಲೈನಲ್ಲಿ ನಿಂತೆ ಅಂದ್ರೆ ಸಾಲು. ಲೈನಿಗೆ ಬಂದ ಅಂದ್ರೆ ದಾರಿಗೆ ಬಂದ. ಲೈನ್ ಎಳೆದರು ಅಂದ್ರೆ ತಂತಿಯೋ ಹಗ್ಗವೋ. ಆದರೆ ‘ಮೇಲೆ ಮರ ಬಿದ್ದಿದೆ’ ಅನ್ನುವುದು ತಂತಿಗೂ ಹೊಂದುತ್ತೆ, ಮನೆಗೂ ಹೊಂದುತ್ತೆ. ಪಕ್ಕದ ಮಾತು ಕೈ ಕೊಟ್ಟಿತು. ಆಗ ಕೇಳಿದವನ ಮನಸ್ಸಲ್ಲಿ ಯಾವುದು ಮೇಲಿದೆಯೋ ಅದೇ ಅರ್ಥ. ರೈಟರ್‌ಗೆ ಮನೆಗಳು ಮೊದಲು ನೆನಪಾದವು. ನನ್ನ ಕೇಳಿದರೆ ಅದರಲ್ಲಿ ಅವನ ತಪ್ಪಿಲ್ಲ.

ಅಚ್ಚಗನ್ನಡ
ಶುಕ್ರವಾರ ಮಧ್ಯಾಹ್ನ 12:30

ಇಷ್ಟೆಲ್ಲ ಗೊಂದಲ ಯಾಕೆ? ಕನ್ನಡದಲ್ಲಿ ಒಂದೊಂದಕ್ಕೂ ಬೇರೆ ಪದ ಇದೆ. ತಂತಿ ಅನ್ನಿ, ಹಳಿ ಅನ್ನಿ, ಗೆರೆ ಅನ್ನಿ, ಸಾಲು ಅನ್ನಿ. ‘ತಂತಿ ಮೇಲೆ ಮರ ಬಿದ್ದಿದೆ’ ಅಂದಿದ್ದರೆ ಯಾರೂ ಚರಂಡಿಗೆ ಬೀಳುತ್ತಿರಲಿಲ್ಲ. ಇಂಗ್ಲಿಷ್ ಪದ ಎರವಲು ತರುವುದು, ಆಮೇಲೆ ಅರ್ಥ ಆಗಲಿಲ್ಲ ಅಂತ ಅಳುವುದು.

ರೋಬಸ್ಟಾ ಗೌಡ, ಮೂಡಿಗೆರೆ ಕಡೆ
ಶುಕ್ರವಾರ ಮಧ್ಯಾಹ್ನ 12:48

ತಂತಿ ಅನ್ನಬೇಕಿತ್ತು, ಒಪ್ಪಿದೆ. ಗೆರೆ ಮಾತ್ರ ಬೇಡ ಸಾರ್. ನಮ್ಮ ಮೂಡಿಗೆರೆಯ ಗೆರೆಯೇ ಗೆರೆ ಅಲ್ಲ, ಕೆರೆ.

ಹಾಸನದ ಮೇಷ್ಟ್ರು
ಶುಕ್ರವಾರ ಮಧ್ಯಾಹ್ನ 2:15

ಅಚ್ಚಗನ್ನಡ ಅವರೇ, ತಂತಿ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಕನ್ನಡ ಪದ ಹಾಕಿದ ಕೂಡಲೇ ಗೊಂದಲ ಹೋಗುತ್ತೆ ಅನ್ನುವುದು ಸರಿಯಲ್ಲ. ನಿಮ್ಮ ಸಾಲು ಪದವನ್ನೇ ತಗೊಳ್ಳಿ. ಕವಿತೆಯ ಸಾಲು, ನೇಗಿಲ ಸಾಲು, ಸಾಲುಮರ, ಇವೆಲ್ಲ ಒಂದೇ ಬಳ್ಳಿ. ಸರ್ಕಾರದ ಪತ್ರದಲ್ಲಿ ‘ಪ್ರಸಕ್ತ ಸಾಲಿನಲ್ಲಿ’ ಅಂತ ಬರೆಯುತ್ತಾರಲ್ಲ, ಆ ಸಾಲು ಬೇರೆ. ಅದು ಫಾರಸಿಯ ಸಾಲ್, ಅಂದ್ರೆ ವರ್ಷ. ಹಿಂದಿಯಲ್ಲಿ ಇವತ್ತಿಗೂ ವರ್ಷಕ್ಕೆ ಅದೇ ಮಾತು. ಇನ್ನು ‘ದುಡ್ಡು ಸಾಲಲ್ಲ’ ಅನ್ನುವ ಸಾಲು ಮೂರನೆಯದು. ಅದು ಸಾಲದಿದ್ದರೆ ಮಾಡುವ ಸಾಲ ನಾಲ್ಕನೆಯದು!

ನಿಘಂಟು ಮಾಡುವವರು ಇದನ್ನು ಎರಡು ಥರ ಬೇರ್ಪಡಿಸುತ್ತಾರೆ. ಲೈನ್ ಥರದ್ದು ಒಂದೇ ಮನೆಯ ಮಕ್ಕಳು. ಒಂದೇ ಪದದ ಕೆಳಗೆ 1, 2, 3 ಅಂತ ಅರ್ಥ ಹಾಕುತ್ತಾರೆ. ಸಾಲು ಮತ್ತು ಸಾಲ್ ಥರದ್ದು ಬೇರೆ ಬೇರೆ ಊರಿಂದ ಬಂದು ಒಂದೇ ಹೆಸರಿಟ್ಟುಕೊಂಡವರು. ಅವಕ್ಕೆ ಬೇರೆ ಬೇರೆ ನಮೂದು ಕೊಡುತ್ತಾರೆ. ಹೇಳುವುದು ಸುಲಭ. ಎಷ್ಟೋ ಸಲ ಇದು ಮೊದಲನೆಯದೋ ಎರಡನೆಯದೋ ಅಂತ ನಿಘಂಟುಗಳೇ ಜಗಳ ಆಡುತ್ತವೆ.

ಎರವಲು ಅಂತೀರಿ. ಬೇಲೂರು ತಾಲೂಕಿನ ಹಲ್ಮಿಡಿ ಇಲ್ಲಿಗೆ ದೂರ ಇಲ್ಲ. ಅಲ್ಲಿ ಸಿಕ್ಕ ಸುಮಾರು ಕ್ರಿ.ಶ. 450ರ ಶಾಸನದ ಕಲ್ಲಿನಲ್ಲಿ ಕನ್ನಡದ ಜೊತೆಗೆ ಸಂಸ್ಕೃತ ಪದ ಎಷ್ಟು ತುಂಬಿವೆ, ಒಮ್ಮೆ ಓದಿ ನೋಡಿ.

ಅಚ್ಚಗನ್ನಡ
ಶುಕ್ರವಾರ ಮಧ್ಯಾಹ್ನ 2:31

ಸಾಲ್ ವಿಷಯ ಗೊತ್ತಿರಲಿಲ್ಲ. ಆದರೂ ತಂತಿ ಅನ್ನುವುದನ್ನು ನಾನು ಬಿಡಲ್ಲ.

ಏಲಕ್ಕಿ ಗಾಳಿ
ಶುಕ್ರವಾರ ಸಂಜೆ 6:50

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇತ್ತು. ನಾನು ಹುಟ್ಟಿ ಬೆಳೆದಿದ್ದು ಲೈನಿನಲ್ಲಿ. ಗೌಡರ ತೋಟ ಅಲ್ಲ, ಬೇರೆ ಕಡೆ. ಈಗ ಹಾಸನದಲ್ಲಿ ಕೆಲಸ.

ಒಂದನೇ ಕ್ಲಾಸಿನ ಮೊದಲನೇ ದಿನ. ಪ್ರಾರ್ಥನೆಗೆ ಬೆಲ್ ಹೊಡೆಯಿತು. ಮೇಷ್ಟ್ರು ಜೋರಾಗಿ ‘ಎಲ್ಲರೂ ಲೈನಿಗೆ ಹೋಗಿ’ ಅಂದರು. ನಮಗೆ ಲೈನ್ ಅಂದ್ರೆ ಒಂದೇ. ಅದು ನಮ್ಮ ಮನೆ. ನಾನು, ಪಕ್ಕದ ಮನೆ ಹುಡುಗಿ, ಅವಳ ತಮ್ಮ, ಮೂವರೂ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟೆವು. ಇಷ್ಟು ಬೇಗ ಬಿಟ್ಟರಲ್ಲ ಅಂತ ಖುಷಿ ಬೇರೆ. ಅಮ್ಮ ತೋಟದ ಕೆಲಸಕ್ಕೆ ಹೋಗಿದ್ದಳು. ಬೀಗ. ಮಧ್ಯಾಹ್ನದವರೆಗೆ ಜಗಲಿ ಮೇಲೆ ಕೂತಿದ್ದೆವು. ಮಾರನೇ ದಿನ ಏಟು ಬಿತ್ತು. ಯಾಕೆ ಅಂತ ಆವತ್ತು ತಿಳಿಯಲಿಲ್ಲ.

ಆಮೇಲೆ ತಿಳಿಯಿತು. ಬೇರೆ ಮಕ್ಕಳಿಗೆ ಊರಿನ ಹೆಸರು ಇತ್ತು, ನಮಗೆ ಲೈನ್ ಮಕ್ಕಳು ಅಂತ ಹೆಸರು. ‘ಲೈನಿನವರು ಈ ಕಡೆ ಕೂತ್ಕೊಳ್ಳಿ.’ ಮೇಷ್ಟ್ರು ಹೇಳುವ ಹಾಗೆ ಪಕ್ಕದ ಮಾತಿನಲ್ಲೇ ಎಲ್ಲ ಇದೆ. ಲೈನ್ ಅಂದ್ರೆ ಮನೆ. ಅದರ ಮುಂದೆ ‘ಇನವರು’ ಅಂತ ಸೇರಿಸಿದ ತಕ್ಷಣ ಅದು ಮನೆ ಅಲ್ಲ, ಇನ್ನೇನೋ.

ತೋಟದ ಮಾಲೀಕರು ಕೆಲಸಗಾರರಿಗೆ ಮನೆ ಕೊಡಬೇಕು ಅಂತ 1951ರ ಪ್ಲಾಂಟೇಷನ್ ಲೇಬರ್ ಕಾಯಿದೆ ಹೇಳಿತ್ತು. ಹೌಸಿಂಗ್ ಅನ್ನುವ ಪದ ಇತ್ತು ಅದರಲ್ಲಿ. ಮನೆಗಳು ಬಂದವು, ಹೆಸರು ಮಾತ್ರ ಹಳೇದೇ ಉಳಿಯಿತು.

ಹೋದ ವರ್ಷ ಹಾಸನದಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಓನರ್ ಒಳ್ಳೆಯವರು, ಕಾಫಿ ಕೊಟ್ಟು ಕೇಳಿದರು, ‘ನೀವು ಯಾವ ಲೈನಲ್ಲಿ ಇರೋದಮ್ಮಾ?’ ಲೋಟ ಕೈಯಲ್ಲೇ ನಿಂತುಹೋಯಿತು. ಇವರಿಗೆ ಹೇಗೆ ಗೊತ್ತಾಯಿತು ಅಂತ. ಅವರು ಕೇಳಿದ್ದು ಏನು ಕೆಲಸ ಅಂತ. ‘ಬ್ಯಾಂಕ್ ಲೈನ್’ ಅಂದೆ. ಮನೆ ಸಿಕ್ಕಿತು.

ನಿಮ್ಮ ರೈಟರ್ ಓಡಿದ್ದು ಓದಿ ಮನಸ್ಸಿಗೆ ಸಮಾಧಾನ ಆಯಿತು ಗೌಡ್ರೇ. ತಂತಿ ಬಿಟ್ಟು ಅವನಿಗೆ ಮನೆಗಳು ನೆನಪಾದವಲ್ಲ.

ರೋಬಸ್ಟಾ ಗೌಡ, ಮೂಡಿಗೆರೆ ಕಡೆ
ಶುಕ್ರವಾರ ರಾತ್ರಿ 7:40

ತಂಗೀ, ಎರಡು ಸಲ ಓದಿದೆ. ನಮ್ಮ ಬಾಯಲ್ಲೂ ‘ಲೈನಿನವರು’ ದಿನಾ ಬರುತ್ತೆ. ಬೇರೆಯವರ ಬಗ್ಗೆ ಯಾಕೆ ಹೇಳಲಿ, ನಾನೇ ಅನ್ನುತ್ತೇನೆ.

ಮೊದಲ ಪೋಸ್ಟಿನಲ್ಲಿ ನಾನು ಹುಡುಗ ಅರ್ಧ ಹೇಳಿದ ಅಂತ ಬರೆದಿದ್ದೆ. ನಿಜ ಹೇಳಬೇಕು ಅಂದ್ರೆ ಪೂರ್ತಿ ಹೇಳಿದ್ದರೂ ರೈಟರ್ ಅಲ್ಲಿಗೇ ಓಡುತ್ತಿದ್ದ. ತಪ್ಪು ನನ್ನದೇ.

ನೈಟ್ ಡ್ಯೂಟಿ ಸಿಸ್ಟರ್
ಶುಕ್ರವಾರ ರಾತ್ರಿ 11:20

ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಲೈನ್ ಅಂದ್ರೆ ಗ್ಲೂಕೋಸ್, ಇಂಜೆಕ್ಷನ್ ಹೋಗಲು ನರಕ್ಕೆ ಹಾಕುವ ಐವಿ ಲೈನ್. ಒಂದು ಸಲ ಹೊಸ ಅಟೆಂಡರ್‌ಗೆ ‘ಆರನೇ ಬೆಡ್ಡಿನ ಲೈನ್ ಹೋಗಿದೆ, ಬೇಗ ಟ್ರೇ ತಾ’ ಅಂದೆ. ಅವನು ಸ್ವಿಚ್‌ಬೋರ್ಡ್ ತಟ್ಟಿ ನೋಡಿ, ‘ಇಲ್ಲ ಸಿಸ್ಟರ್, ಲೈಟ್ ಬರ್ತಿದೆ’ ಅಂದ.

ಜಾವಗಲ್ ಎಕ್ಸ್‌ಪ್ರೆಸ್
ಶನಿವಾರ ಬೆಳಿಗ್ಗೆ 8:00

ಶ್ರೀನಾಥ್ ಹೆಸರಿನ ಮುಂದೆ ನಮ್ಮ ಅರಸೀಕೆರೆ ತಾಲೂಕಿನ ಜಾವಗಲ್ ಇರುವಾಗ ಕ್ರಿಕೆಟ್ ಬಿಡಬಹುದಾ? ಲೈನ್ ಅಂಡ್ ಲೆಂಗ್ತ್. ಚೆಂಡು ಸ್ಟಂಪಿನ ಯಾವ ಪಕ್ಕಕ್ಕೆ ಬರುತ್ತೆ ಅನ್ನುವುದು ಲೈನ್, ಎಷ್ಟು ದೂರದಲ್ಲಿ ಪುಟ ಬೀಳುತ್ತೆ ಅನ್ನುವುದು ಲೆಂಗ್ತ್. ಇದಕ್ಕೆ ಅಚ್ಚಗನ್ನಡ ಸಾರ್ ಏನು ಅನ್ನುತ್ತಾರೋ.

ಅಚ್ಚಗನ್ನಡ
ಶನಿವಾರ ಬೆಳಿಗ್ಗೆ 8:25

ಇದಕ್ಕೆ ಲೈನ್ ಅಂತಲೇ ಇರಲಿ.

ಹೇಮಾವತಿ ದಡ
ಶನಿವಾರ ಬೆಳಿಗ್ಗೆ 10:40

ಗೊರೂರು ಹಿನ್ನೀರಿನಲ್ಲಿ ಗಾಳ ಹಾಕುವವನು ನಾನು. ನನಗೆ ಒಂದು ಅನುಮಾನ ಮೇಷ್ಟ್ರೇ. ಗಾಳದ ದಾರಕ್ಕೆ ಇಂಗ್ಲಿಷಿನಲ್ಲಿ ಲೈನ್ ಅನ್ನುತ್ತಾರೆ, ಪ್ಯಾಕೆಟ್ ಮೇಲೆ ಹಾಗೇ ಬರೆದಿರುತ್ತೆ. ನಾವ್ಯಾರೂ ಅದನ್ನು ಲೈನ್ ಅನ್ನಲ್ಲ. ದಾರ ಅಂತಲೇ. ಅದು ಯಾಕೆ ನಮ್ಮ ಬಾಯಿಗೆ ಬರಲಿಲ್ಲ?

ಹಾಸನದ ಮೇಷ್ಟ್ರು
ಶನಿವಾರ ಬೆಳಿಗ್ಗೆ 11:30

ಇಡೀ ಚರ್ಚೆಯಲ್ಲಿ ನನಗೆ ಹಿಡಿಸಿದ ಪ್ರಶ್ನೆ ಇದು.

ಇಂಗ್ಲಿಷಿನವರು ಬಟ್ಟೆ ಒಣಹಾಕುವ ಹಗ್ಗಕ್ಕೂ ಲೈನ್ ಅನ್ನುತ್ತಾರೆ. ಮುಖದ ಸುಕ್ಕಿಗೆ ಲೈನ್. ಅಂಗೈ ರೇಖೆಗೆ ಲೈನ್. ರಾಜರ ವಂಶಕ್ಕೆ ಲೈನ್. ಇವು ಯಾವುವೂ ನಮ್ಮ ಹಳ್ಳಿ ಬಾಯಿಗೆ ಬಂದಿಲ್ಲ. ಯಾಕಂದ್ರೆ ಗಾಳ, ಹಗ್ಗ, ಸುಕ್ಕು, ರೇಖೆ, ವಂಶ ನಮ್ಮಲ್ಲಿ ಮೊದಲೇ ಇದ್ದವು. ಲೈನ್ ಪದ ಇಡಿಯಾಗಿ ಗಂಟು ಕಟ್ಟಿಕೊಂಡು ನಮ್ಮೂರಿಗೆ ಬರಲಿಲ್ಲ. ತೋಟದ ಜೊತೆ ಒಂದು ಅರ್ಥ ಬಂತು, ರೈಲಿನ ಜೊತೆ ಒಂದು, ಕರೆಂಟಿನ ಜೊತೆ ಒಂದು, ಫೋನಿನ ಜೊತೆ ಒಂದು. ಹೊಸ ವಸ್ತು ತನ್ನ ಹೆಸರನ್ನು ತಾನೇ ಹೊತ್ತು ತಂದಿತು. ಹಳೇ ವಸ್ತುಗಳು ಹಳೇ ಹೆಸರಲ್ಲೇ ಉಳಿದವು. ಜನ ನಿಲ್ಲುವ ಸಾಲು ಮಾತ್ರ ಇದಕ್ಕೆ ಸರಿಹೋಗಲ್ಲ. ಪದ ಇದ್ದೂ ಲೈನ್ ಅನ್ನುತ್ತೇವೆ. ಬಹುಶಃ ಸ್ಕೂಲಿನ ಡ್ರಿಲ್ಲು, ರೇಷನ್ ಅಂಗಡಿಯ ಕೆಲಸ ಇರಬೇಕು.

ಏಲಕ್ಕಿ ಗಾಳಿ ಅವರೇ, ನಿಮ್ಮ ಒಂದನೇ ಕ್ಲಾಸಿನ ಕಥೆ ಮಕ್ಕಳಿಗೆ ಹೇಳಬಹುದಾ? ಹೆಸರು ಹೇಳಲ್ಲ.

ಏಲಕ್ಕಿ ಗಾಳಿ
ಶನಿವಾರ ಮಧ್ಯಾಹ್ನ 1:05

ಹೇಳಿ ಸಾರ್. ಏಟು ಬಿದ್ದಿದ್ದೂ ಹೇಳಿ.

ರೋಬಸ್ಟಾ ಗೌಡ, ಮೂಡಿಗೆರೆ ಕಡೆ
ಶನಿವಾರ ಸಂಜೆ 5:50

ನಾಲ್ಕೂವರೆಗೆ ಕರೆಂಟ್ ಬಂತು. ಲೈನ್‌ಮ್ಯಾನ್ ಇಬ್ಬರು ಎರಡು ದಿನ ಮಳೆಯಲ್ಲೇ ಕೆಲಸ ಮಾಡಿದರು. ನಮ್ಮದೊಂದೇ ಅಲ್ಲ, ಈ ಕಡೆ ಏಳು ಕಂಬ ಮುರಿದಿದ್ದವಂತೆ. ಕಂಬ ಹತ್ತೋನು ಅಣ್ಣ, ಅವರನ್ನೇ ಕೇಳಿದೆ. ನಮ್ಮ ಮನೆಯಲ್ಲಿ ಚೇಂಜ್‌ಓವರ್ ಸ್ವಿಚ್ ಇದೆ, ಗೋಡೌನಿನಲ್ಲಿ ಇಲ್ಲ. ಸೋಮವಾರ ಎಲೆಕ್ಟ್ರಿಷಿಯನ್ ಬರುತ್ತಾನೆ.

ರೈಟರ್ ಈಗ ಬಲು ಹುಷಾರು. ಮಧ್ಯಾಹ್ನ ಬಂದು ‘ಗೌಡ್ರೇ, ಲೈನ್ ಹತ್ರ ನೀರು ನಿಂತಿದೆ’ ಅಂದ. ನಾನು ಬಾಯಿ ತೆರೆಯುವ ಮುಂಚೆ ಅವನೇ ‘ಮನೆ ಲೈನು, ಮನೆ ಲೈನು’ ಅಂತ ಎರಡು ಸಲ ಹೇಳಿದ. ಚರಂಡಿ ಕಟ್ಟಿಕೊಂಡಿದೆ. ಹಾರೆ ತಗೊಂಡು ಹೊರಟಿದ್ದೇವೆ, ಅಕ್ಕನ ಮಗನನ್ನೂ ಎಬ್ಬಿಸಿದ್ದೇನೆ.